ಬೀರುವಿನ ಬೀಗದಿಂದ ನೋ ಡ್ಯೂವರೆಗೆ: ಕಾಲೇಜು ಗ್ರಂಥಾಲಯ ಮತ್ತು ಓದುವ ಸ್ವಾತಂತ್ರ್ಯ

ಓದುವ ಸ್ವಾತಂತ್ರ್ಯ ಎಂದ ಕೂಡಲೇ ನಿಷೇಧಿತ ಪುಸ್ತಕ, ಕೋರ್ಟು, ಪತ್ರಿಕೆಯ ಮುಖಪುಟ ನೆನಪಾಗುತ್ತವೆ. ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕವೊಂದು ಓದುಗರಿಗೆ ತಪ್ಪಿಹೋಗಲು ಅಷ್ಟೆಲ್ಲ ಬೇಕಿಲ್ಲ. ಬೀರುವಿಗೆ ಬೀಗ ಬಿದ್ದಿದ್ದರೆ ಸಾಕು. ಕ್ಯಾಟಲಾಗಿನಲ್ಲಿ ಲೇಖಕರ ಹೆಸರಿನ ಕಾಗುಣಿತ ಬೇರೆಯಾಗಿದ್ದರೆ ಸಾಕು. ಬಿ.ಎಸ್ಸಿ. ಓದುವ ಹುಡುಗಿ ಕಾದಂಬರಿ ಕೇಳಿದಾಗ ಕೌಂಟರಿನಿಂದ “ನಿನ್ನ ಸಬ್ಜೆಕ್ಟಿಂದು ತಗೊಳ್ಳಮ್ಮ, ಇದ್ಯಾಕೆ?” ಎಂಬ ಮಾತು ಬಂದರೆ ಸಾಕು. ಯಾರೂ ಏನನ್ನೂ ನಿಷೇಧಿಸಿರುವುದಿಲ್ಲ, ಆದರೂ ಅವಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಕಾಲೇಜಿನಲ್ಲಿ ಯಾರು ಏನನ್ನು ಓದಬಹುದು ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಇಂಥ ಕಚೇರಿ ಪದ್ಧತಿಗಳೇ: ಖರೀದಿ, ರಿಜಿಸ್ಟರ್, ಕಾರ್ಡು, ದಂಡ, ಸ್ಟಾಕ್ ವೆರಿಫಿಕೇಶನ್. ಇವು ಹೇಗೆ ನಡೆಯುತ್ತವೆ, ಎಲ್ಲಿ ಕೆಡುತ್ತವೆ ಎಂದು ಗೊತ್ತಿದ್ದರೆ ಸರಿಪಡಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಬೀಗ ಯಾಕೆ ಬೀಳುತ್ತದೆ

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ. ಅವರು 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಆಗಸ್ಟ್ 12 ಬಂತೆಂದರೆ ಗ್ರಂಥಪಾಲಕರ ದಿನಾಚರಣೆ, ಅವರ ಫೋಟೊಗೆ ಹಾರ. ಹಾರ ಹಾಕಿದ ಗೋಡೆಯ ಪಕ್ಕದಲ್ಲೇ ಗಾಜಿನ ಬಾಗಿಲಿನ ಬೀರುಗಳಿಗೆ ಬೀಗ ಜಡಿದಿರುವುದೂ ಉಂಟು.

ಗ್ರಂಥಪಾಲಕರು ಜಿಪುಣರೆಂದು ಬೀಗ ಬೀಳುವುದಿಲ್ಲ. ಕಾಲೇಜು ಕೊಂಡ ಪ್ರತಿ ಪುಸ್ತಕವೂ ಆಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ಸಾಲು: ಕ್ರಮಸಂಖ್ಯೆ, ದಿನಾಂಕ, ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟ, ಬೆಲೆ, ಬಿಲ್ ನಂಬರ್. ಆ ಸಾಲು ಪುಸ್ತಕವನ್ನು ಮೇಜು ಕುರ್ಚಿಗಳಂತೆ ಕಾಲೇಜಿನ ಆಸ್ತಿಯಾಗಿ ಮಾಡುತ್ತದೆ. ವರ್ಗಾವಣೆಯಾದಾಗ ಅಥವಾ ನಿವೃತ್ತಿಯ ಹೊತ್ತಿಗೆ ಚಾರ್ಜ್ ಕೊಡಬೇಕಾದವರು ಆ ಸಾಲುಗಳಿಗೆಲ್ಲ ಉತ್ತರ ಹೇಳಬೇಕು. ಕಳೆದ ಪುಸ್ತಕದ ಬೆಲೆ ತಮ್ಮ ತಲೆಗೆ ಬರುತ್ತದೆ ಎಂಬ ಭಯವಿದ್ದವರು ಬಾಗಿಲು ತೆರೆದಿಡುವುದು ಹೇಗೆ?

ಈ ಭಯಕ್ಕೆ ಉತ್ತರ ಹಣಕಾಸು ನಿಯಮದಲ್ಲೇ ಇದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಾವಳಿ 2017ರ 215ನೇ ನಿಯಮ, ವರ್ಷಕ್ಕೆ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ 1,000 ಪುಸ್ತಕಕ್ಕೆ 5ರಂತೆ ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು ಎನ್ನುತ್ತದೆ. ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು ಅಷ್ಟೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 12,000 ಬಾರಿ ಪುಸ್ತಕ ಹೊರಹೋಗುವ ಗ್ರಂಥಾಲಯದಲ್ಲಿ 60 ಪುಸ್ತಕಗಳವರೆಗಿನ ನಷ್ಟ ಈ ಮಿತಿಯೊಳಗೇ ಇದೆ. ಈ ಮಿತಿ ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಯ ಮೇಲಲ್ಲ, ಬಳಕೆಯ ಮೇಲೆ ನಿಂತಿದೆ. ಹೆಚ್ಚು ಓದಿಸಿದವರಿಗೆ ಹೆಚ್ಚು ರಿಯಾಯಿತಿ. ಬೀಗ ಹಾಕಿ ಕೂತವರಿಗೆ ಒಂದು ಪುಸ್ತಕ ಕಳೆದರೂ ಸಮಜಾಯಿಷಿ ಕಷ್ಟ.

ಸ್ಟಾಕ್ ಎಣಿಕೆಯ ಅವಧಿಯನ್ನೂ ಅದೇ ನಿಯಮ ಹೇಳುತ್ತದೆ: 20,000 ಸಂಪುಟಗಳವರೆಗೆ ಪ್ರತಿ ವರ್ಷ ಪೂರ್ತಿ ಎಣಿಕೆ, 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ, ಅದಕ್ಕೂ ಮೇಲ್ಪಟ್ಟರೆ ಮೂರು ವರ್ಷ ಮೀರದ ಅವಧಿಯಲ್ಲಿ ಮಾದರಿ ಎಣಿಕೆ. ಇದು ಕೇಂದ್ರದ ನಿಯಮ, ರಾಜ್ಯದ ಕಾಲೇಜುಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೆ ಗ್ರಂಥಾಲಯ ಸಮಿತಿಯ ಸಭೆಯಲ್ಲಿ ಇದನ್ನೇ ಮಾದರಿಯಾಗಿಟ್ಟು ಠರಾವು ಮಾಡಿ ಪ್ರಾಂಶುಪಾಲರ ಸಹಿ ಪಡೆದರೆ ಗ್ರಂಥಪಾಲಕರ ಕೈಗೆ ಒಂದು ಕಾಗದವಾದರೂ ಇರುತ್ತದೆ. ಬೀಗ ತೆಗೆಸಲು ಭಾಷಣಕ್ಕಿಂತ ಆ ಠರಾವಿನ ಪ್ರತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಣಿಕೆಯಲ್ಲಿ ಆಗುವ ಸಾಮಾನ್ಯ ಎಡವಟ್ಟೆಂದರೆ, ಕಾಣದ ಪುಸ್ತಕವನ್ನೆಲ್ಲ ಕಳೆದದ್ದೆಂದು ಬರೆದುಬಿಡುವುದು. ಅದರಲ್ಲಿ ಎಷ್ಟೋ ಪುಸ್ತಕಗಳು ಬೈಂಡಿಂಗಿಗೆ ಹೋಗಿರುತ್ತವೆ, ವಿಭಾಗದ ಬೀರುವಿನಲ್ಲಿರುತ್ತವೆ, ಅಥವಾ ಅಧ್ಯಾಪಕರೊಬ್ಬರ ಮನೆಯಲ್ಲಿ ನಾಲ್ಕು ವರ್ಷದಿಂದ ತಂಗಿರುತ್ತವೆ. ಸತತ ಎರಡು ಮೂರು ಎಣಿಕೆಗಳಲ್ಲೂ ಸಿಗದಿದ್ದುದನ್ನು ಮಾತ್ರ ಪಟ್ಟಿ ಮಾಡಿ, ಸಮಿತಿಯ ಮುಂದಿಟ್ಟು, ಮೇಲಧಿಕಾರಿಗಳ ಮಂಜೂರಾತಿ ಪಡೆದು ರೈಟ್ ಆಫ್ ಮಾಡಬೇಕು, ಅಂದರೆ ಲೆಕ್ಕದಿಂದ ಕೈಬಿಡಬೇಕು. ಹಾಗೆ ಮಾಡಿದ್ದನ್ನು ಆಕ್ಸೆಷನ್ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಆದೇಶದ ಸಂಖ್ಯೆ, ದಿನಾಂಕ ಸಮೇತ ಕಾಣಿಸಬೇಕು. ಆ ಕ್ರಮಸಂಖ್ಯೆಯನ್ನು ಇನ್ನೊಂದು ಪುಸ್ತಕಕ್ಕೆ ಕೊಡಬಾರದು.

ಕಪಾಟು ತೆರೆಯುವಾಗ ಒಮ್ಮೆಲೇ ಎಲ್ಲವನ್ನೂ ತೆರೆಯುವ ಅಗತ್ಯವಿಲ್ಲ. ಮೊದಲು ಸಾಹಿತ್ಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ವಿಭಾಗ ತೆರೆಯಿರಿ. ಒಳಗೆ ಹೋಗಲು ಹೊರಗೆ ಬರಲು ಒಂದೇ ಬಾಗಿಲು, ಅದರ ಪಕ್ಕ ಕೌಂಟರ್, ಅದಕ್ಕೂ ಮುಂಚೆ ಬ್ಯಾಗ್ ಇಡುವ ಜಾಗ. ಮೂರು ಅಡಿ ಉದ್ದದ ಒಂದು ಅರೆಯಲ್ಲಿ ಸುಮಾರು 30 ಪುಸ್ತಕ ಹಿಡಿಸುತ್ತವೆ, ಆದರೆ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಕಿಕ್ಕಿರಿದ ಅರೆಯಿಂದ ಪುಸ್ತಕ ಎಳೆದರೆ ಬೆನ್ನು ಹರಿಯುತ್ತದೆ, ಹೊಸ ಪುಸ್ತಕಕ್ಕೆ ಜಾಗವೂ ಇರುವುದಿಲ್ಲ. ಓದುಗರು ತೆಗೆದ ಪುಸ್ತಕವನ್ನು ತಾವೇ ವಾಪಸು ಇಡಬಾರದು, ಮೇಜಿನ ಮೇಲೆ ಬಿಡಬೇಕು ಎಂಬ ಫಲಕ ಅತಿ ಮುಖ್ಯ. ತಪ್ಪು ಜಾಗದಲ್ಲಿ ಕೂತ ಪುಸ್ತಕ ಇದ್ದೂ ಇಲ್ಲದ ಹಾಗೆ. ದಿನಕ್ಕೆ ಅರ್ಧ ಗಂಟೆ, ದಿನಕ್ಕೊಂದು ಸಾಲಿನಂತೆ ಅರೆಗಳನ್ನು ಓದುತ್ತ ಹೋಗಿ ಸರಿಪಡಿಸುವ ಕೆಲಸವನ್ನು ಯಾರಿಗಾದರೂ ಒಪ್ಪಿಸದಿದ್ದರೆ, ತೆರೆದ ಕಪಾಟು ಒಂದೇ ಸೆಮಿಸ್ಟರಿನಲ್ಲಿ ಹಳೆ ಪೇಪರ್ ಅಂಗಡಿಯಾಗುತ್ತದೆ. ಆಗ “ನೋಡಿ, ಅದಕ್ಕೇ ಬೀಗ ಬೇಕು ಅಂದಿದ್ದು” ಎನ್ನುವವರು ಗೆಲ್ಲುತ್ತಾರೆ.

ಯಾವ ಪುಸ್ತಕ ಒಳಗೆ ಬರುತ್ತದೆ

ಖರೀದಿಯ ಕ್ರಮ ಸರಳ. ವಿಭಾಗಗಳಿಂದ ಇಂಡೆಂಟ್, ಅಂದರೆ ಬೇಕಾದ ಪುಸ್ತಕಗಳ ಬೇಡಿಕೆ, ಬರುತ್ತದೆ, ಗ್ರಂಥಾಲಯ ಸಮಿತಿ ಪಟ್ಟಿ ಅಂತಿಮಗೊಳಿಸುತ್ತದೆ, ಕೊಟೇಶನ್ ಕರೆಯುತ್ತಾರೆ, ಆದೇಶ ಹೋಗುತ್ತದೆ, ಪುಸ್ತಕ ಬಂದ ಮೇಲೆ ಬಿಲ್ಲಿನೊಂದಿಗೆ ತಾಳೆ ನೋಡಿ ರಿಜಿಸ್ಟರಿಗೆ ಏರಿಸುತ್ತಾರೆ. ಕೆಡುವುದು ಎರಡು ಕಡೆ. ಅನುದಾನ ಮಾರ್ಚ್ ಕೊನೆಗೆ ಕೈಗೆ ಬಂದಾಗ ಪಟ್ಟಿ ಮಾಡಲು ಸಮಯವಿಲ್ಲದೆ ಅಂಗಡಿಯವರು ಕೊಟ್ಟ ಪಟ್ಟಿಯೇ ಕಾಲೇಜಿನ ಪಟ್ಟಿಯಾಗುತ್ತದೆ. ಇನ್ನೊಂದು, ಹೆಚ್ಚು ಡಿಸ್ಕೌಂಟ್ ಕೊಟ್ಟವರಿಗೇ ಆರ್ಡರ್ ಎಂಬ ಪದ್ಧತಿ. ಶೇ. 40 ರಿಯಾಯಿತಿ ಕೊಡಬಲ್ಲ ಪುಸ್ತಕದ ಮುಖಬೆಲೆ ಯಾಕೆ ಅಷ್ಟಿದೆ ಎಂದು ಒಮ್ಮೆ ಯೋಚಿಸಬೇಕು. ಒಳ್ಳೆಯ ಪ್ರಕಾಶಕರ ಪುಸ್ತಕಕ್ಕೆ ಅಂಗಡಿಗೆ ಸಿಗುವ ಕಮಿಷನ್ ಕಡಿಮೆ, ಹಾಗಾಗಿ “ಸ್ಟಾಕ್ ಇಲ್ಲ” ಎಂಬ ಷರಾದೊಂದಿಗೆ ಅದು ಪಟ್ಟಿಯಿಂದ ಜಾರಿ, ಅದರ ಜಾಗಕ್ಕೆ ಗೈಡ್ ಬರುತ್ತದೆ.

ವರ್ಷವಿಡೀ ಸಿದ್ಧವಿರುವ ಬಯಕೆಪಟ್ಟಿಯೊಂದಿದ್ದರೆ ಮೊದಲ ತೊಂದರೆ ಅರ್ಧ ಕಳೆಯುತ್ತದೆ. ಕೌಂಟರಿನಲ್ಲಿ ಒಂದು ಚೀಟಿ ಇಡಿ: ಶೀರ್ಷಿಕೆ, ಲೇಖಕ, ಪ್ರಕಾಶಕ, ಐಎಸ್‌ಬಿಎನ್, ಕೇಳಿದವರ ತರಗತಿ. ಐಎಸ್‌ಬಿಎನ್ ಎಂದರೆ ಪುಸ್ತಕದ ಗುರುತು ಸಂಖ್ಯೆ, 13 ಅಂಕಿಯದು. 978ರ ನಂತರ 81 ಅಥವಾ 93 ಇದ್ದರೆ ಅದು ಭಾರತದಲ್ಲಿ ಪ್ರಕಟವಾದದ್ದು. ಅದನ್ನು ಬರೆದುಕೊಟ್ಟರೆ “ಆ ಹೆಸರಿನ ಪುಸ್ತಕ ಗೊತ್ತಾಗಲಿಲ್ಲ” ಎಂದು ಯಾರೂ ಜಾರಿಕೊಳ್ಳುವಂತಿಲ್ಲ. ಕನ್ನಡ ಪುಸ್ತಕಗಳಿಗೆ ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಿಂದ ನೇರವಾಗಿ ತರಿಸುವುದೇ ಲೇಸು. ರಾಜ್ಯೋತ್ಸವದ ತಿಂಗಳ ರಿಯಾಯಿತಿಯ ಹೊತ್ತಿಗೆ ಪಟ್ಟಿ ಸಿದ್ಧವಿದ್ದರೆ ಅದೇ ಹಣಕ್ಕೆ ಹೆಚ್ಚು ಪುಸ್ತಕ ಬರುತ್ತವೆ.

ಆಯ್ಕೆ ಮಾಡುವುದೆಂದರೆ ಬಿಡುವುದೂ ಹೌದು. ಹಾಗಿದ್ದರೆ ಆಯ್ಕೆಗೂ ಅಡ್ಡಗಾಲಿಗೂ ವ್ಯತ್ಯಾಸ ಹೇಗೆ ತಿಳಿಯುವುದು? ಕಾರಣ ಬರೆದಿಡಲು ಸಾಧ್ಯವೇ ಎಂದು ಕೇಳಿ. “ಈ ವಿಷಯದ ಮೇಲೆ ನಾಲ್ಕು ಪುಸ್ತಕ ಈಗಾಗಲೇ ಇವೆ”, “ಪ್ರತಿ ಸಿಗುತ್ತಿಲ್ಲ”, “ಈ ವರ್ಷ ಹಣ ಸಾಲದು” ಇವನ್ನೆಲ್ಲ ಬರೆಯಬಹುದು. “ಯಾರಾದರೂ ಗಲಾಟೆ ಮಾಡಿದರೆ?” ಎಂಬುದನ್ನು ಯಾರೂ ಇಂಡೆಂಟ್ ಪುಸ್ತಕದಲ್ಲಿ ಬರೆಯುವುದಿಲ್ಲ. ಬರೆಯಲಾಗದ ಕಾರಣಗಳು ಬೇರೆ ವೇಷದಲ್ಲಿ ಬರುತ್ತವೆ: ದಾನವಾಗಿ ಬಂದ ಪುಸ್ತಕ ವರ್ಷಗಟ್ಟಲೆ ರಿಜಿಸ್ಟರಿಗೆ ಏರದೆ ಮೂಲೆಯಲ್ಲಿರುತ್ತದೆ, ಕಥಾಸಂಕಲನದ ಮೇಲೆ “ರೆಫರೆನ್ಸ್ ಮಾತ್ರ” ಎಂಬ ಚೀಟಿ ಬೀಳುತ್ತದೆ, ಕೇಳಿದಾಗಲೆಲ್ಲ ಆ ಪುಸ್ತಕ “ಬೈಂಡಿಂಗಿಗೆ ಹೋಗಿದೆ”.

ಇದ್ದೂ ಸಿಗದ ಪುಸ್ತಕ: ಕ್ಯಾಟಲಾಗಿನ ಸಮಸ್ಯೆ

ಕನ್ನಡ ಪುಸ್ತಕಗಳ ವಿಷಯದಲ್ಲಿ ಅತ್ಯಂತ ದೊಡ್ಡ ಅಡಚಣೆ ಇದೇ ಎನ್ನಬೇಕು, ಇದರ ಬಗ್ಗೆ ಅತ್ಯಂತ ಕಡಿಮೆ ಚರ್ಚೆಯಾಗುವುದೂ ಹೌದು. ಈಗ ಬಹಳಷ್ಟು ಕಾಲೇಜುಗಳಲ್ಲಿ ಗ್ರಂಥಾಲಯ ನಡೆಸುವ ತಂತ್ರಾಂಶಗಳಾದ ಎನ್‌ಐಸಿಯ ಇ-ಗ್ರಂಥಾಲಯ, ಇನ್‌ಫ್ಲಿಬ್‌ನೆಟ್ ಕೇಂದ್ರದ ಸೋಲ್, ಅಥವಾ ಮುಕ್ತ ತಂತ್ರಾಂಶವಾದ ಕೋಹಾ ಇವೆ. ತಂತ್ರಾಂಶ ಯಾವುದಾದರೂ ಇರಲಿ, ತುಂಬಿದ ಮಾಹಿತಿ ಹೇಗಿದೆಯೋ ಹುಡುಕಾಟವೂ ಹಾಗೆಯೇ.

ಡಾಟಾ ಎಂಟ್ರಿಯನ್ನು ಗುತ್ತಿಗೆಗೆ ಕೊಟ್ಟಾಗ ಕನ್ನಡ ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ ತುಂಬಿಸಿರುತ್ತಾರೆ. ಕಾರಂತರ ಹೆಸರು ಒಂದು ಕಡೆ ಕೊನೆಗೆ ‘ಟಿಎಚ್’, ಇನ್ನೊಂದು ಕಡೆ ‘ಟಿಎ’, ಮತ್ತೊಂದು ಕಡೆ ‘ಟಿಎಚ್‌ಎ’ ಆಗಿರುತ್ತದೆ. ಯಂತ್ರದ ಕಣ್ಣಿಗೆ ಅವರು ಮೂವರು ಲೇಖಕರು. ಒಂದನ್ನು ಹುಡುಕಿದವರಿಗೆ ಉಳಿದ ಎರಡರ ಕೆಳಗಿನ ಪುಸ್ತಕಗಳು ಕಾಣುವುದಿಲ್ಲ. ಇನ್ನು ಕುವೆಂಪು ಎಂದೂ ಕೆ.ವಿ. ಪುಟ್ಟಪ್ಪ ಎಂದೂ, ಬೇಂದ್ರೆ ಎಂದೂ ಅಂಬಿಕಾತನಯದತ್ತ ಎಂದೂ ದಾಖಲಾಗಿದ್ದರೆ ಕೇಳುವುದೇ ಬೇಡ. ಇದಕ್ಕೆ ಪರಿಹಾರ ಅಥಾರಿಟಿ ದಾಖಲೆ: ಒಬ್ಬ ಲೇಖಕರಿಗೆ ಒಂದೇ ಅಧಿಕೃತ ರೂಪ, ಉಳಿದ ರೂಪಗಳಿಂದ ಅದಕ್ಕೆ ದಾರಿ. ಕೋಹಾದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಒಂದು ಕಾಲೇಜಿನಲ್ಲಿ ಹೆಚ್ಚು ಕೇಳುವ ಕನ್ನಡ ಲೇಖಕರು ನೂರೈವತ್ತು ಇನ್ನೂರು ಜನ ಇದ್ದಾರು. ಅವರದ್ದನ್ನು ಸರಿಪಡಿಸಿದರೂ ಬಹುಪಾಲು ಹುಡುಕಾಟ ಸರಿಹೋಗುತ್ತದೆ.

ಕನ್ನಡ ಲಿಪಿಯಲ್ಲೇ ತುಂಬಿದ್ದರೂ ಗಂಡಾಂತರ ತಪ್ಪಿದ್ದಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ತುಂಬಿದ್ದು ಯುನಿಕೋಡ್ (ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲ. ಪರದೆಯ ಮೇಲೆ ಕನ್ನಡದಂತೆ ಕಾಣುವ ಆ ಅಕ್ಷರಗಳ ಹಿಂದೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ತೆರೆದರೆ ನಡುವೆ ಪೌಂಡ್ ಹಣದ ಚಿಹ್ನೆ ಕಾಣುತ್ತದೆ. ವಿದ್ಯಾರ್ಥಿ ಮೊಬೈಲಿನಿಂದ ಯುನಿಕೋಡಿನಲ್ಲಿ ಹುಡುಕಿದರೆ ಉತ್ತರ ಸೊನ್ನೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪೂರ್ತಿ ಪಟ್ಟಿಯನ್ನು ಹೊರತೆಗೆದು, ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ, ಮತ್ತೆ ಸೇರಿಸಬೇಕು. ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಯುನಿಕೋಡ್ ಆದ ಮೇಲೂ ಒಂದು ಕಾಣದ ಮುಳ್ಳು ಇದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ-ಕಾರದ ನಂತರ, ಒತ್ತು ಬೀಳದಿರಲೆಂದು, ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತೇವೆ. ಒಬ್ಬರು ಅದನ್ನು ಸೇರಿಸಿ, ಇನ್ನೊಬ್ಬರು ಸೇರಿಸದೆ ಟೈಪಿಸಿದರೆ ಕೆಲವು ತಂತ್ರಾಂಶಗಳಿಗೆ ಅವು ಎರಡು ಬೇರೆ ಪದಗಳು. ಶೀರ್ಷಿಕೆ ಇದೆಯೆಂದು ಖಚಿತವಿದ್ದೂ ಸಿಗದಿದ್ದರೆ ಪೂರ್ತಿ ಪದ ಬಿಟ್ಟು ಮೊದಲ ಎರಡು ಮೂರು ಅಕ್ಷರ ಮಾತ್ರ ಕೊಟ್ಟು ನೋಡುವುದು ಒಳ್ಳೆಯದು.

ಕಪಾಟಿನಲ್ಲಿ ಹುಡುಕುವವರಿಗೂ ಒಂದು ಮಾತು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಅದರೊಳಗೆ ಕಾವ್ಯ 894.8141, ನಾಟಕ 894.8142, ಕಥೆ ಕಾದಂಬರಿ 894.8143. ಅಂದರೆ ಗ್ರಂಥಾಲಯದಲ್ಲಿರುವ ಐನೂರು ಕಾದಂಬರಿಗಳ ಬೆನ್ನ ಮೇಲೂ ಒಂದೇ ಸಂಖ್ಯೆ. ಬೇರೆ ಮಾಡುವುದು ಅದರ ಕೆಳಗಿನ ಲೇಖಕರ ಹೆಸರಿನ ಮೂರು ಅಕ್ಷರ ಮಾತ್ರ. ಆ ಮೂರು ಅಕ್ಷರ ಅಳಿಸಿಹೋದ ಲೇಬಲ್ ಇರುವ ಪುಸ್ತಕ ಅನಾಥ. ಬೆನ್ನಿನ ಕೆಳತುದಿಯಿಂದ ಸುಮಾರು ಒಂದು ಇಂಚು ಮೇಲೆ ಲೇಬಲ್ ಅಂಟಿಸಿ, ಅದರ ಮೇಲೆ ಪಾರದರ್ಶಕ ಟೇಪು ಸುತ್ತುವ ಕೆಲಸ ಸಣ್ಣದೆನಿಸಿದರೂ ಅದನ್ನು ಬಿಟ್ಟವರು ಮುಂದೆ ಪಡುವ ಪಾಡು ಸಣ್ಣದಲ್ಲ.

ಕಾರ್ಡು, ದಂಡ, ನೋ ಡ್ಯೂ

ಪದವಿ ವಿದ್ಯಾರ್ಥಿಗೆ ಎರಡು ಪುಸ್ತಕ, ಹದಿನೈದು ದಿನ, ತಡವಾದರೆ ದಿನಕ್ಕೆ ಒಂದು ರೂಪಾಯಿ. ಬಹಳ ಕಡೆ ಹೆಚ್ಚುಕಡಿಮೆ ಇದೇ ನಿಯಮ. ಎರಡೂ ಕಾರ್ಡು ಪಠ್ಯಪುಸ್ತಕಕ್ಕೇ ಖರ್ಚಾದರೆ ಬೇರೆ ಓದಿಗೆ ದಾರಿ ಎಲ್ಲಿ? ಪಠ್ಯಕ್ಕೆ ಸೆಮಿಸ್ಟರ್ ಪೂರ್ತಿ ಪುಸ್ತಕ ಕೊಡುವ ಬುಕ್ ಬ್ಯಾಂಕ್ ಇರುವ ಕಡೆ ಕಾರ್ಡುಗಳು ಬಿಡುವಾಗುತ್ತವೆ. ಇಲ್ಲದಿದ್ದರೆ ‘ಯಾವ ವಿಷಯದ್ದಾದರೂ ಸರಿ’ ಎಂಬ ಮೂರನೇ ಕಾರ್ಡೊಂದನ್ನು ಕೊಡಬಹುದು. ತಂತ್ರಾಂಶದಲ್ಲಿ ಇದು ಒಂದು ನಿಯಮ ಬದಲಿಸುವಷ್ಟೇ ಕೆಲಸ.

ದಂಡಕ್ಕೆ ಮೇಲ್ಮಿತಿ ಇರಲೇಬೇಕು. ಬೇಸಿಗೆ ರಜೆಗೆ ಊರಿಗೆ ಹೋದವನ ಬಳಿ ಎರಡು ಪುಸ್ತಕ ಉಳಿದು 60 ದಿನ ಕಳೆದರೆ 120 ರೂಪಾಯಿ. ಆ ಹಣ ಇಲ್ಲದವನು ಪುಸ್ತಕ ತರುವುದಿಲ್ಲ, ಗ್ರಂಥಾಲಯಕ್ಕೂ ಬರುವುದಿಲ್ಲ. ಕೊನೆಗೆ ನೋ ಡ್ಯೂಗೆ, ಅಂದರೆ ಏನೂ ಬಾಕಿಯಿಲ್ಲ ಎಂಬ ಪತ್ರಕ್ಕೆ, ಬಂದಾಗ ಸಾಲ ಮಾಡಿ ಕಟ್ಟುತ್ತಾನೆ. ಕಾಲೇಜಿಗೆ ಪುಸ್ತಕ ವಾಪಸು ಬರುವುದು ಮುಖ್ಯವೇ ಹೊರತು ಆ 120 ರೂಪಾಯಿಯಲ್ಲ. ರಜಾದಿನಗಳನ್ನು ಲೆಕ್ಕದಿಂದ ಬಿಡುವಂತೆ ಕ್ಯಾಲೆಂಡರ್ ತುಂಬುವುದು, ಪುಸ್ತಕಕ್ಕೆ 20 ಅಥವಾ 25 ರೂಪಾಯಿಯ ಮಿತಿ ಹಾಕುವುದು, ಸೆಮಿಸ್ಟರಿಗೊಮ್ಮೆ ದಂಡವಿಲ್ಲದೆ ವಾಪಸು ಪಡೆಯುವ ವಾರ ಮಾಡುವುದು, ಇವೆಲ್ಲ ಸಮಿತಿಯ ಒಂದೇ ಸಭೆಯಲ್ಲಿ ಆಗುವ ಕೆಲಸಗಳು. ಇದೇ ಸಭೆಯಲ್ಲಿ ಅಧ್ಯಾಪಕರ ಕಡೆ ಇರುವ ಪುಸ್ತಕಗಳಿಗೂ ವರ್ಷಕ್ಕೊಮ್ಮೆ ಕಡ್ಡಾಯ ವಾಪಸಾತಿ ಎಂದು ಬರೆಸಬೇಕು. ಆ ಸಾಲಿಗೆ ಯಾವಾಗಲೂ ವಿರೋಧ ಬರುತ್ತದೆ.

ಯಾರು ಏನು ಓದಿದರು ಎಂಬುದು ಯಾರಿಗೆ ಗೊತ್ತಾಗಬೇಕು

ಹಳೆಯ ಬ್ರೌನ್ ಪದ್ಧತಿಯಲ್ಲಿ ಪುಸ್ತಕದ ಚೀಟಿಯನ್ನು ತೆಗೆದು ಓದುಗರ ಟಿಕೆಟ್ಟಿನ ಜೇಬಿಗೆ ಸೇರಿಸಿ ಟ್ರೇಯಲ್ಲಿ ಇಡುತ್ತಿದ್ದರು. ಪುಸ್ತಕ ವಾಪಸು ಬಂದಾಗ ಚೀಟಿ ಪುಸ್ತಕಕ್ಕೆ, ಟಿಕೆಟ್ ಓದುಗರಿಗೆ. ಅಲ್ಲಿಗೆ ಯಾರು ಯಾವ ಪುಸ್ತಕ ಒಯ್ದಿದ್ದರು ಎಂಬ ಕುರುಹೇ ಇಲ್ಲ. ಇದನ್ನು ಆ ಪದ್ಧತಿಯ ದೋಷ ಎಂದೇ ಪಾಠದಲ್ಲಿ ಹೇಳಿಕೊಡುತ್ತಾರೆ. ಓದುಗರ ಕಡೆಯಿಂದ ನೋಡಿದರೆ ಅದೇ ಅದರ ಗುಣ. ನಂತರದ ನೆವಾರ್ಕ್ ಪದ್ಧತಿಯಲ್ಲಿ ಪುಸ್ತಕದ ಚೀಟಿಯ ಮೇಲೇ ಓದುಗರ ನಂಬರ್ ಸಾಲಾಗಿ ಉಳಿಯುತ್ತದೆ. ಕೆಲವು ಕಡೆ ನಂಬರ್ ಬದಲು ಹೆಸರು, ತರಗತಿ ಬರೆಸುತ್ತಾರೆ. ಖಿನ್ನತೆ, ಲೈಂಗಿಕ ಆರೋಗ್ಯ, ಮತಾಂತರ, ವಿಚ್ಛೇದನದ ಕಾನೂನು ಕುರಿತ ಪುಸ್ತಕದಲ್ಲಿ ತನ್ನ ಹೆಸರು ಉಳಿಯುತ್ತದೆ ಎಂದು ಗೊತ್ತಿದ್ದರೆ ಯಾರು ಒಯ್ಯುತ್ತಾರೆ?

ಕಂಪ್ಯೂಟರ್ ಬಂದ ಮೇಲೆ ಎಲ್ಲ ವ್ಯವಹಾರವೂ ಶಾಶ್ವತ. ಕೋಹಾದಲ್ಲಿ ಇದನ್ನು ತಡೆಯುವ ಏರ್ಪಾಡು ಇದೆ. ಮೊದಲು ‘ಅನಾಮಿಕ’ ಎಂಬ ಹೆಸರಿನಲ್ಲಿ ಒಬ್ಬ ಸದಸ್ಯನನ್ನು ಸೃಷ್ಟಿಸಿ ಅವನ ಸಂಖ್ಯೆಯನ್ನು ‘ಅನಾನಿಮಸ್‌ಪೇಟ್ರನ್’ ಸೆಟ್ಟಿಂಗಿನಲ್ಲಿ ಕೊಡಬೇಕು. ನಂತರ ‘ಓಪ್ಯಾಕ್‌ಪ್ರೈವಸಿ’ಯನ್ನು ಚಾಲೂ ಮಾಡಿದರೆ, ತನ್ನ ಓದಿನ ಇತಿಹಾಸವನ್ನು ಇಡಬೇಕೋ ಅಳಿಸಬೇಕೋ ಎಂಬುದನ್ನು ಓದುಗರೇ ತಮ್ಮ ಖಾತೆಯಲ್ಲಿ ಆರಿಸಿಕೊಳ್ಳಬಹುದು. ವಾಪಸಾದ ಹಳೆಯ ಎರವಲುಗಳನ್ನು ನಿಗದಿತ ಅವಧಿಗೊಮ್ಮೆ ಒಟ್ಟಾಗಿ ಅನಾಮಿಕಗೊಳಿಸುವ ಸಾಧನವೂ ಇದೆ. ಪುಸ್ತಕ ಎಷ್ಟು ಸಲ ಹೊರಹೋಯಿತು ಎಂಬ ಲೆಕ್ಕ ಹಾಗೇ ಉಳಿಯುತ್ತದೆ, ಹೆಸರು ಮಾತ್ರ ಕಳಚುತ್ತದೆ. ಹರಿದ ಪುಸ್ತಕ ತಂದವರು ಯಾರು ಎಂದು ತಿಳಿಯಬೇಕಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ: ‘ಸ್ಟೋರ್‌ಲಾಸ್ಟ್‌ಬಾರೋವರ್’ ಸೆಟ್ಟಿಂಗ್ ಕೊನೆಯದಾಗಿ ವಾಪಸು ಮಾಡಿದ ಒಬ್ಬರ ಹೆಸರನ್ನಷ್ಟೇ ಇಟ್ಟುಕೊಳ್ಳುತ್ತದೆ. ಅನಾಮಿಕ ಸದಸ್ಯನನ್ನು ಸೃಷ್ಟಿಸದೆ ಉಳಿದದ್ದನ್ನು ಚಾಲೂ ಮಾಡಲು ಹೋದರೆ ತೊಡಕಾಗುತ್ತದೆ, ಕ್ರಮ ತಪ್ಪಿಸಬಾರದು.

“ನ್ಯಾಕ್‌ಗೆ ದಾಖಲೆ ಬೇಕು” ಎನ್ನುವವರುಂಟು. ನ್ಯಾಕ್ ಎಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ. ದಿನಕ್ಕೆ ಎಷ್ಟು ವಿದ್ಯಾರ್ಥಿಗಳು, ಅಧ್ಯಾಪಕರು ಗ್ರಂಥಾಲಯ ಬಳಸಿದರು ಎಂಬ ಸಂಖ್ಯೆಯನ್ನು ನ್ಯಾಕ್ ಕೇಳುತ್ತದೆ. ಯಾವ ಹುಡುಗಿ ಯಾವ ಕಾದಂಬರಿ ಓದಿದಳು ಎಂದು ಕೇಳುವುದಿಲ್ಲ. ಪೋಷಕರಾಗಲಿ ವಿಭಾಗದ ಮುಖ್ಯಸ್ಥರಾಗಲಿ ಓದಿನ ಪಟ್ಟಿ ಕೇಳಿದರೆ ಕೊಡುವುದಿಲ್ಲ ಎಂಬುದನ್ನು ನಿಯಮಪುಸ್ತಿಕೆಯಲ್ಲೇ ಅಚ್ಚು ಮಾಡಿದರೆ ಕೌಂಟರಿನಲ್ಲಿ ಕೂತವರು ಪ್ರತಿ ಸಲ ಮುಜುಗರ ಪಡಬೇಕಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ನಲ್ಲಿ ಹೇಳಿದ ಮೇಲೆ ಈ ನಿಯಮಕ್ಕೆ ಗಟ್ಟಿ ಆಧಾರವೂ ಇದೆ.

ಆಕ್ಷೇಪಣೆ ಬಂದಾಗ

ಪುಸ್ತಕವೊಂದನ್ನು ತೆಗೆಯಿರಿ ಎಂದು ಯಾರೋ ಬಂದು ಕೂಗಾಡಿದರೆ ಮೊದಲು ಕೇಳಬೇಕಾದ್ದು, ಸರ್ಕಾರದ ಅಧಿಸೂಚನೆ ಇದೆಯೇ? ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ ಪ್ರಕಾರ. 2024ರ ಜುಲೈ 1ಕ್ಕೆ ಮುಂಚೆ ಇದೇ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 95ರಲ್ಲಿತ್ತು. ಕಾರಣ ಹೇಳಿ ಅಧಿಸೂಚನೆ ಹೊರಡಿಸಬೇಕು. ಅದನ್ನು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು, ಕನಿಷ್ಠ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತದೆ. ಅಂಥ ಅಧಿಸೂಚನೆ ಇದ್ದರೆ ಕಾಲೇಜು ಪಾಲಿಸಬೇಕು. ವಿದೇಶಿ ಪುಸ್ತಕಗಳಿಗೆ ಕಸ್ಟಮ್ಸ್ ಕಾಯ್ದೆಯಡಿ ಆಮದು ನಿಷೇಧ ಎಂಬ ಬೇರೊಂದು ದಾರಿ ಇದೆ.

ಅಧಿಸೂಚನೆಯ ಸಂಖ್ಯೆ ಕೇಳುವುದು ಉಡಾಫೆಯಲ್ಲ. ಸಲ್ಮಾನ್ ರಶ್ದಿಯವರ ಕಾದಂಬರಿಯ ಆಮದನ್ನು 1988ರಲ್ಲಿ ನಿಷೇಧಿಸಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಆ ಅಧಿಸೂಚನೆಯ ಪ್ರತಿಯನ್ನು ಹಾಜರುಪಡಿಸಲು ಯಾರಿಂದಲೂ ಆಗಲಿಲ್ಲ. ಹಾಗಾಗಿ ಅದು ಇಲ್ಲವೆಂದೇ ಭಾವಿಸಬೇಕಾಗುತ್ತದೆ ಎಂದು ದೆಹಲಿ ಹೈಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು.

ಅಧಿಸೂಚನೆ ಇಲ್ಲದ ಆಕ್ಷೇಪಣೆಗೆ ಲಿಖಿತ ಅರ್ಜಿ ಕೇಳಬೇಕು. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿ ಗ್ರಂಥಾಲಯ ಹಕ್ಕುಗಳ ಘೋಷಣೆಯನ್ನೂ 1953ರಲ್ಲಿ ಓದುವ ಸ್ವಾತಂತ್ರ್ಯದ ಹೇಳಿಕೆಯನ್ನೂ ಹೊರಡಿಸಿದ ಮೇಲೆ ಅಲ್ಲಿ ರೂಢಿಯಾದ ಮರುಪರಿಶೀಲನಾ ಅರ್ಜಿಯನ್ನು ನಮ್ಮ ಕಾಲೇಜಿಗೆ ಹೊಂದಿಸಿಕೊಳ್ಳಲು ಅಡ್ಡಿಯಿಲ್ಲ. ಪ್ರಶ್ನೆಗಳು ನಾಲ್ಕೈದು ಸಾಕು: ಪುಸ್ತಕವನ್ನು ಪೂರ್ತಿ ಓದಿದ್ದೀರಾ, ಯಾವ ಪುಟದ ಯಾವ ಭಾಗದ ಬಗ್ಗೆ ತಕರಾರು, ನಿಮ್ಮ ಕೋರಿಕೆ ಏನು, ಇದೇ ವಿಷಯಕ್ಕೆ ಬೇರೆ ಯಾವ ಪುಸ್ತಕ ಸೂಚಿಸುತ್ತೀರಿ, ನೀವು ಕಾಲೇಜಿಗೆ ಏನಾಗಬೇಕು. ಗ್ರಂಥಪಾಲಕರು, ಬೇರೆ ವಿಭಾಗದ ಒಬ್ಬ ಅಧ್ಯಾಪಕರು, ಒಬ್ಬ ವಿದ್ಯಾರ್ಥಿ ಪ್ರತಿನಿಧಿ ಇರುವ ಸಮಿತಿ ಪುಸ್ತಕ ಓದಿ 30 ದಿನಗಳಲ್ಲಿ ಕಾರಣಸಹಿತ ತೀರ್ಮಾನ ಬರೆಯಲಿ. ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು. ಇದೊಂದು ಷರತ್ತನ್ನು ಕೈಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. “ತಾತ್ಕಾಲಿಕವಾಗಿ” ಒಳಗೆ ಹೋದ ಪುಸ್ತಕ ಹೊರಗೆ ಬರುವುದು ಅಪರೂಪ. ಅರ್ಜಿ ಕೈಗೆ ಕೊಟ್ಟ ಮೇಲೆ ಎಷ್ಟೋ ಜನ ಅದನ್ನು ತುಂಬಿಕೊಂಡು ವಾಪಸು ಬರುವುದೇ ಇಲ್ಲ ಎಂಬುದು ಬೇರೆ ಮಾತು.

ಗೋಡೆಯಿಲ್ಲದ ಕಪಾಟು

ಇ-ಸಂಪನ್ಮೂಲಗಳ ಕಥೆ ಚಿಕ್ಕದು. ಕಾಲೇಜುಗಳಿಗಾಗಿಯೇ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್‌ನಲ್ಲಿ ಸಾವಿರಾರು ಪತ್ರಿಕೆ, ಇ-ಪುಸ್ತಕಗಳಿವೆ. ಕಾಲೇಜು ಸದಸ್ಯತ್ವ ಪಡೆದಿದ್ದರೂ ವಿದ್ಯಾರ್ಥಿಗೆ ಸಿಗದಿರಲು ಸಾಮಾನ್ಯ ಕಾರಣ, ಅವರ ಹೆಸರು ಮತ್ತು ಇ-ಮೇಲ್ ಪಟ್ಟಿಯನ್ನು ಯಾರೂ ಕಳಿಸಿರುವುದಿಲ್ಲ. ಪ್ರವೇಶ ಮುಗಿದ ತಿಂಗಳೊಳಗೆ ಆ ಪಟ್ಟಿ ಹೋಯಿತೇ ಎಂದು ಕೇಳಿ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಒಂದು ಎಚ್ಚರಿಕೆ: ತಂತ್ರಾಂಶ ಹಚ್ಚಿ ಸಂಚಿಕೆಗಟ್ಟಲೆ ಒಟ್ಟಿಗೆ ಇಳಿಸಿಕೊಂಡರೆ ಪ್ರಕಾಶಕರು ಇಡೀ ಕಾಲೇಜಿನ ಸಂಪರ್ಕವನ್ನೇ ನಿಲ್ಲಿಸುತ್ತಾರೆ. ಒಬ್ಬನ ಆತುರಕ್ಕೆ ಎಲ್ಲರಿಗೂ ಬಾಗಿಲು ಬಂದ್.

ಜೆರಾಕ್ಸ್ ಬಗ್ಗೆ ಅನಗತ್ಯ ಅಂಜಿಕೆ ಇದೆ. ದೆಹಲಿ ವಿಶ್ವವಿದ್ಯಾಲಯದ ಫೋಟೊಕಾಪಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ, ಬೋಧನೆಯ ಅಗತ್ಯಕ್ಕೆ ಪುಸ್ತಕದ ಭಾಗಗಳನ್ನು ಪ್ರತಿ ಮಾಡಿ ಓದುಸಾಮಗ್ರಿ ಸಿದ್ಧಪಡಿಸಲು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಅವಕಾಶವಿದೆ ಎಂದಿತು. ಲೇಖಕರು ತೀರಿಕೊಂಡ ನಂತರದ ವರ್ಷದಿಂದ 60 ವರ್ಷ ಕಳೆದರೆ ಕೃತಿಸ್ವಾಮ್ಯವೇ ಮುಗಿಯುತ್ತದೆ: 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳನ್ನು 2007ರಿಂದ ಯಾರು ಬೇಕಾದರೂ ಪೂರ್ತಿ ಸ್ಕ್ಯಾನ್ ಮಾಡಿ ಹಂಚಬಹುದು.

ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಕಾಯ್ದೆ ಇನ್ನೂ ಉದಾರವಾಗಿದೆ. 2012ರ ತಿದ್ದುಪಡಿಯ ಪ್ರಕಾರ ಅವರ ಓದಿಗೆ ಬೇಕಾದ ರೂಪದಲ್ಲಿ, ಅಂದರೆ ಬ್ರೈಲ್, ಧ್ವನಿ, ಪಠ್ಯ ಕಡತವಾಗಿ, ಪ್ರತಿ ಮಾಡಲು ಪ್ರಕಾಶಕರ ಅನುಮತಿ ಬೇಕಿಲ್ಲ. ಲಾಭಕ್ಕಾಗಿ ಮಾರಬಾರದು ಅಷ್ಟೆ. ಪುಸ್ತಕವನ್ನು 300 ಡಿಪಿಐಗಿಂತ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿ, ಪುಟ ಓರೆಯಾಗದಂತೆ ನೋಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್ ಮೂಲಕ ಯುನಿಕೋಡ್ ಪಠ್ಯ ಪಡೆದರೆ ಉಚಿತವಾಗಿ ಸಿಗುವ, ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶವಾದ ಎನ್‌ವಿಡಿಎ ಅದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ನುಡಿ ಫಾಂಟಿನ ಹಳೆಯ ಪಿಡಿಎಫ್ ಕೊಟ್ಟರೆ ಅದು ಪೌಂಡ್ ಚಿಹ್ನೆಗಳನ್ನು ಓದುತ್ತ ಕೂರುತ್ತದೆ. ಕನ್ನಡ ಓಸಿಆರ್ ಒತ್ತಕ್ಷರಗಳಲ್ಲಿ ತಪ್ಪುತ್ತದೆ, ಹಳೆಯ ಮೊಳೆ ಅಚ್ಚಿನ ಪುಸ್ತಕಗಳಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಪ್ರೂಫ್ ನೋಡಲು ಎನ್‌ಎಸ್‌ಎಸ್ ವಿದ್ಯಾರ್ಥಿಗಳಿಗೆ ತಲಾ ಇಪ್ಪತ್ತು ಪುಟ ಹಂಚಿ. ತಿದ್ದಿದ ಕಡತವನ್ನು, ಇಂಥ ಓದುಗರಿಗಾಗಿರುವ ಆನ್ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದ ಮೂಲಕ ಹಂಚಿಕೊಂಡರೆ ಅದೇ ಪುಸ್ತಕವನ್ನು ಇನ್ನೊಂದು ಕಾಲೇಜು ಮೊದಲಿಂದ ಸ್ಕ್ಯಾನ್ ಮಾಡುವ ಶ್ರಮ ತಪ್ಪುತ್ತದೆ.